19ನೇ ಕಲಮು: ಸಾಂತಾಕ್ರೂಜ್‌ನ ಹಿರಿಯರಿಗಾಗಿ ಒಂದು ವ್ಯಾಖ್ಯಾನ

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯ್ದೆ ಬಂದದ್ದು 2007ರಲ್ಲಿ. ಮಕ್ಕಳಿಂದ ಜೀವನಾಂಶ ಕೇಳುವ ಕಲಮುಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ವೃದ್ಧಾಶ್ರಮಗಳ ಕುರಿತ 19ನೇ ಕಲಮನ್ನು ಮಾತ್ರ ಯಾರೂ ನಿಂತು ಓದಿದಂತಿಲ್ಲ. ಅದರ ಸಾರವನ್ನು ತುಣುಕು ತುಣುಕಾಗಿ ನನ್ನ ಮಾತಿನಲ್ಲಿ ಕೊಟ್ಟು, ಮುಂಬೈಯ ಸಾಂತಾಕ್ರೂಜ್‌ನ ನಮ್ಮ ಹಿರಿಯರನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ರಾಜ್ಯ ಸರ್ಕಾರ ವೃದ್ಧಾಶ್ರಮಗಳನ್ನು ಸ್ಥಾಪಿಸಿ ನಡೆಸಬಹುದು,

ನಡೆಸಲೇಬೇಕೆಂಬ ಕಟ್ಟು ಇಲ್ಲ. ಜಿಲ್ಲೆ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಲೆಕ್ಕವನ್ನು ರಾಜ್ಯಗಳಿಂದ ತರಿಸಿಕೊಳ್ಳಿ ಎಂದು 2018ರ ಡಿಸೆಂಬರ್‌ನಲ್ಲಿ, ಅಶ್ವನಿ ಕುಮಾರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟೇ ಕೇಂದ್ರಕ್ಕೆ ಹೇಳಬೇಕಾಯಿತು. ಕಾಯ್ದೆಗೆ ಆಗಲೇ ಹನ್ನೊಂದು ವರ್ಷ ತುಂಬುತ್ತ ಬಂದಿತ್ತು.

ಸುಲಭವಾಗಿ ತಲುಪಬಹುದಾದ ಜಾಗಗಳಲ್ಲಿ, ಮೊದಲಿಗೆ ಜಿಲ್ಲೆಗೊಂದಾದರೂ,

ಸಾಂತಾಕ್ರೂಜ್ ಸೇರಿರುವುದು ಮುಂಬೈ ಉಪನಗರ ಜಿಲ್ಲೆಗೆ. ಬಾಂದ್ರಾದಿಂದ ದಹಿಸರ್, ಕುರ್ಲಾದಿಂದ ಮುಲುಂದ್: ಇಷ್ಟಕ್ಕೂ ಒಂದು ಆಶ್ರಮ ಸಾಕೆಂದರೆ ಅದು ಯಾರಿಗೆ ಸುಲಭ? ಊರೊಳಗಿನ ಜಾಗದ ಬೆಲೆಗೆ ಹೆದರಿ ಖಾಸಗಿ ಆಶ್ರಮಗಳು ವಿರಾರ್, ಪನ್ವೇಲ್ ಕಡೆ ಸರಿದಿವೆ. ಅಲ್ಲಿಗೆ ಸೇರಿದವರನ್ನು ನೋಡಲು ಹೋಗಬೇಕಾದ, ಇಲ್ಲಿನ ವಾಕೋಲಾದಲ್ಲಿರುವ ಹೆಂಡತಿಗೂ ಮಂಡಿನೋವಿರುತ್ತದೆ. ರಿಕ್ಷಾ, ಸ್ಟೇಷನ್ನಿನ ಮೆಟ್ಟಿಲು, ಲೋಕಲ್ಲಿನ ನೂಕುನುಗ್ಗಲು, ಮತ್ತೆ ರಿಕ್ಷಾ. ವಾರಕ್ಕೊಮ್ಮೆ ಹೋಗುತ್ತಿದ್ದವರು ತಿಂಗಳಿಗೊಮ್ಮೆ ಹೋಗುತ್ತಾರೆ, ಆಮೇಲೆ ಫೋನ್ ಮಾತ್ರ. ನೋಡಲು ಬರುವವರ ದಾರಿಯನ್ನೂ ಆರೈಕೆಯ ಭಾಗವೆಂದೇ ಎಣಿಸಬೇಕು.

ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವಂತೆ.

ಇದು ಹಾಸಿಗೆಯ ಲೆಕ್ಕ. 150 ಜನರನ್ನು ಒಂದೇ ಹಾಲಿನಲ್ಲಿ ಸಾಲಾಗಿ ಮಲಗಿಸಿದರೆ ಬೆಳಗಿನ ಸ್ನಾನವೂ ಸಾಲಿನಲ್ಲೇ ನಡೆಯುತ್ತದೆ. ಅದೇ 150 ಜನರನ್ನು ಹತ್ತು-ಹನ್ನೆರಡರ ಗುಂಪು ಮಾಡಿ, ಪ್ರತಿ ಗುಂಪಿಗೂ ದಿನಾ ಅದೇ ಮಾವಶಿಯರನ್ನು, ಅಂದರೆ ಆರೈಕೆಯ ಆಯಾಗಳನ್ನು, ನೇಮಿಸಿದರೆ, ಯಾರಿಗೆ ಬಿಸಿನೀರು ಹೆಚ್ಚು ಬೇಕು, ಯಾರು ಮೊದಲು ಕಾಲಿಗೆ ನೀರು ಹಾಕಿಸಿಕೊಂಡರೆ ಬೆಚ್ಚುವುದಿಲ್ಲ ಎಂಬುದು ಅವರಿಗೆ ತಿಳಿದಿರುತ್ತದೆ. ಕಾಯ್ದೆ ಇದನ್ನು ತಡೆಯುವುದಿಲ್ಲ, ಕೇಳುವುದೂ ಇಲ್ಲ.

ಆಶ್ರಮಗಳ ಮಟ್ಟವನ್ನೂ ಸೇವೆಗಳನ್ನೂ ಸರ್ಕಾರ ಒಂದು ಯೋಜನೆಯ ಮೂಲಕ ಗೊತ್ತುಪಡಿಸಬಹುದು:

ಮಹಾರಾಷ್ಟ್ರದ ನಿಯಮಗಳು 2010ರಲ್ಲಿ ಬಂದವು. ಮುಂದಿನ ಎರಡು ಬಾಬತ್ತುಗಳಿಗೆ ಯಾವ ಅರ್ಥ ಕೊಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ವೈದ್ಯಕೀಯ ಆರೈಕೆಗೆ ಬೇಕಾದ ಸೇವೆಗಳು,

ನಮ್ಮವರಲ್ಲಿ ಎಷ್ಟೋ ಮಂದಿ ತುಳುನಾಡಿನಿಂದ ಹುಡುಗರಾಗಿ ಬಂದು ಉಡುಪಿ ಹೋಟೆಲುಗಳಲ್ಲಿ ಆಯುಷ್ಯ ಸವೆಸಿದವರು. ನಸುಕಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದ ಮೈ ಅದು. ಮರೆವಿನ ಕಾಯಿಲೆ ಬಂದ ಮೇಲೂ ನಾಲ್ಕಕ್ಕೇ ಎಚ್ಚರಾಗುತ್ತದೆ. ಎದ್ದು ಓಡಾಡುತ್ತಾರೆ, ಬಾಗಿಲು ಜಗ್ಗುತ್ತಾರೆ. ಕೇಸ್ ಪೇಪರಿನಲ್ಲಿ ಅದು ನಿದ್ರಾಹೀನತೆಯಾಗುತ್ತದೆ, ಗುಳಿಗೆ ಬರುತ್ತದೆ. ಗುಳಿಗೆಯ ಮಂಪರಿನಲ್ಲಿ ಬಿದ್ದರೆ ಸೊಂಟ ಮುರಿಯುತ್ತದೆ. ಅವರು ಯಾರು, ಏನು ಮಾಡಿಕೊಂಡಿದ್ದರು ಎಂದು ಸೇರಿಸಿಕೊಳ್ಳುವ ದಿನವೇ ಮನೆಯವರನ್ನು ಕೇಳಿ ಬರೆದುಕೊಂಡಿದ್ದರೆ? ರಾತ್ರಿ ಪಾಳಿಯವರು ಒಂದು ಲೋಟ ಚಹಾ ಕೊಟ್ಟು, ಒದ್ದೆ ಬಟ್ಟೆ ಕೈಗಿತ್ತು, “ಅಣ್ಣಾ, ಟೇಬಲ್ ಒರೆಸ್ತೀರಾ?” ಎಂದರೆ ಸಾಕಿತ್ತು. ಅಂಥವರು ಆರರವರೆಗೆ ನೆಮ್ಮದಿಯಾಗಿ ಟೇಬಲ್ ಒರೆಸುತ್ತಾರೆ. ಇದನ್ನು ನಾನು ವೈದ್ಯಕೀಯ ಆರೈಕೆಯೊಳಗೇ ಸೇರಿಸುತ್ತೇನೆ.

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಮರೆವಿನ ರೋಗಿಗಳ ಆರೈಕೆಯನ್ನು ಅಧ್ಯಯನ ಮಾಡಿದ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಮಿದುಳಿನ ರೋಗದಷ್ಟೇ ಸುತ್ತಲಿನವರ ನಡವಳಿಕೆಯೂ ಮನುಷ್ಯನನ್ನು ಕುಗ್ಗಿಸುತ್ತದೆ. ಮಗುವಿನಂತೆ ಗದರುವುದು, ಆತುರಪಡಿಸುವುದು, ಎದುರಿಗೇ ಕೂತಿದ್ದರೂ ಇಲ್ಲವೆಂಬಂತೆ ಅವರ ಬಗ್ಗೆ ಮಾತಾಡಿಕೊಳ್ಳುವುದು. ಮಾಡುವವರು ಕೆಟ್ಟವರಲ್ಲ, ಒಬ್ಬ ಮಾವಶಿಗೆ ಇಪ್ಪತ್ತು ಜನರನ್ನು ಒಪ್ಪಿಸಿದರೆ ಆಕೆಯಾದರೂ ಏನು ಮಾಡಿಯಾಳು!

ಮತ್ತು ಮನರಂಜನೆಯ ಸಾಧನಗಳು.

ಇದನ್ನು ಹಾಲಿನ ಗೋಡೆಗೊಂದು ಟಿವಿ ಎಂದು ಓದಿಕೊಂಡವರೇ ಹೆಚ್ಚು. ಮರೆವು ಬಲಿತಂತೆ ಆಮೇಲೆ ಕಲಿತ ಹಿಂದಿ, ಮರಾಠಿ ಮೊದಲು ಜಾರಿ, ಎಷ್ಟೋ ಜನರಿಗೆ ಮನೆಮಾತೊಂದೇ ಉಳಿಯುತ್ತದೆ. “ನೀರ್ ಕೊರ್ಲೆ” ಎಂದು ತುಳುವಿನಲ್ಲಿ ಬೇಡುವವರ ಮುಂದೆ ಮರಾಠಿ ಧಾರಾವಾಹಿ ಓಡುತ್ತಿರುತ್ತದೆ. ಸಾಂತಾಕ್ರೂಜ್‌ನಲ್ಲಿ ಈ ಕೊರತೆಗೆ ನೆಪವೇ ಇಲ್ಲ. ಬಿಲ್ಲವರ ಅಸೋಸಿಯೇಶನ್ನಿನ ಬಿಲ್ಲವ ಭವನ ಇಲ್ಲಿದೆ, ಪ್ರಭಾತ್ ಕಾಲನಿಯಲ್ಲಿ ಪೇಜಾವರ ಮಠ ಇದೆ, ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ. ಯಕ್ಷಗಾನಕ್ಕೆ, ಭಜನೆಗೆ ಜನ ಕೂಡಿಸುವ ಈ ಊರು, ವಾರಕ್ಕೊಂದು ಗಂಟೆ ಇಬ್ಬರನ್ನು ಆಶ್ರಮಕ್ಕೆ ಕಳಿಸಬಹುದು. ಹಾಡಲೇಬೇಕೆಂದಿಲ್ಲ. “ನಿಮ್ಮದು ಯಾವ ಊರು ಮಾರಾಯ್ರೆ?” ಎಂದು ಕೇಳಿ ಕೂತರೂ ಆಯಿತು. ಆ ಗಂಟೆಯಲ್ಲಿ ಮಾವಶಿಗೂ ನಾಲ್ಕು ಮಾತು ಕಲಿಸಿಕೊಟ್ಟರೆ ಉಳಿದ ದಿನಗಳಿಗೂ ಆಗುತ್ತದೆ.

ವಿವರಣೆ: ನಿರ್ಗತಿಕರೆಂದರೆ, ಸರ್ಕಾರ ಕಾಲಕಾಲಕ್ಕೆ ನಿರ್ಧರಿಸುವಂತೆ, ಜೀವನಕ್ಕೆ ಸಾಲುವಷ್ಟು ಆಸರೆ ಇಲ್ಲದವರು.

ನಿವೃತ್ತ ಹೋಟೆಲ್ ನೌಕರರಿಗೆ ಪಿಂಚಣಿ ಇರುವುದು ಅಪರೂಪ. ಹೆಸರಿನಲ್ಲಿ ವಾಕೋಲಾದ ಒಂದು ಖೋಲಿ ಇದ್ದರೆ ಕಾಗದದ ಮೇಲೆ ಅವರು ಲಕ್ಷಾಧೀಶರು; ತಿಂಗಳ ಕೊನೆಗೆ ಆಶ್ರಮದ ಬಿಲ್ಲು ಕಟ್ಟಲು ಕೈಯಲ್ಲಿ ದುಡ್ಡಿಲ್ಲ. ಆ ಖೋಲಿಯಲ್ಲಿ ಹೆಂಡತಿ ಇದ್ದಾರೆ, ಮಾರುವಂತೆಯೂ ಇಲ್ಲ. ನಿರ್ಧರಿಸುವ ಅಧಿಕಾರ ಸರ್ಕಾರದ್ದೇ ಆದ್ದರಿಂದ, ಖೋಲಿಯ ಬೆಲೆ ಬಿಟ್ಟು ಕೈಗೆ ಬರುವ ವರಮಾನವನ್ನು ಲೆಕ್ಕ ಹಿಡಿಯಲಿ. ಹಣ ಕೊಟ್ಟು ಸೇರುವವರ ಆಶ್ರಮಗಳಿಗೂ ನೋಂದಣಿ ಬೇಕೆಂದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. ಅದನ್ನು ಮತ್ತೆ ತರಲಿ. ತರುವಾಗ, ಸೇರುವ ದಿನ ಹಿರಿಯರ ಬದುಕನ್ನು ಕೇಳಿ ಬರೆದಿಡುವ ಒಂದು ಹಾಳೆಯನ್ನೂ ಕಡ್ಡಾಯ ಮಾಡಲಿ.