ಗುಹೆಯ ಗುಟ್ಟೂ ಪೆಟ್ಟಿಗೆಯ ಗುಟ್ಟೂ

ಕಾವ್ಯದಲ್ಲಿ ಮರೆಸುವುದು ಗುಣವೆಂದೂ ವ್ಯವಹಾರದಲ್ಲಿ ಮರೆಸುವುದು ದೋಷವೆಂದೂ ಹೇಳುವ ವಾಡಿಕೆಯುಂಟು. ಈ ವಿಭಾಗವು ಎಷ್ಟರಮಟ್ಟಿಗೆ ನಿಲ್ಲುವುದೆಂದು ಪರೀಕ್ಷಿಸಲು ಆಂಗ್ಲ ಕಾದಂಬರಿಕಾರನಾದ ಇ. ಎಂ. ಫಾರ್ಸ್ಟರನ ಎರಡು ಗ್ರಂಥಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಒಂದು, 1924ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾದ ‘ಎ ಪ್ಯಾಸೇಜ್ ಟು ಇಂಡಿಯಾ’. ಮತ್ತೊಂದು, 1913-14ರಲ್ಲಿಯೇ ರಚಿತವಾಗಿದ್ದರೂ ಕರ್ತನು 1970ರಲ್ಲಿ ತೀರಿಕೊಂಡ ಮರುವರ್ಷ ಬೆಳಕು ಕಂಡ ‘ಮಾರಿಸ್’.

ಮೊದಲನೆಯದರ ಕಥೆಯು ಅನೇಕ ವಾಚಕರಿಗೆ ಪರಿಚಿತವೇ. ಡಾಕ್ಟರ್ ಅಜೀಜನು ಇಬ್ಬರು ಆಂಗ್ಲ ಸ್ತ್ರೀಯರನ್ನು ಮರಾಬಾರ್ ಗುಹೆಗಳಿಗೆ ಕರೆದೊಯ್ಯುತ್ತಾನೆ. ಕಿರಿಯಳಾದ ಅಡೆಲಾ ಭೀತಳಾಗಿ ಗುಹೆಯಿಂದ ಓಡಿಹೋಗುತ್ತಾಳೆ. ಅಜೀಜನ ಮೇಲೆ ಮಾನಭಂಗಯತ್ನದ ಆರೋಪವು ಬರುತ್ತದೆ. ಒಳಗೆ ನಡೆದುದೇನು? ಗ್ರಂಥವು ಹೇಳುವುದಿಲ್ಲ. 1978ರಲ್ಲಿ ಅಚ್ಚಾದ ಹಸ್ತಪ್ರತಿಗಳಲ್ಲಾದರೋ ಯಾರೋ ಅವಳ ಮೇಲೆ ಕೈಮಾಡಿದುದೂ ಅವಳು ದುರ್ಬೀನಿನಿಂದ ಹೊಡೆದು ಬಿಡಿಸಿಕೊಂಡುದೂ ವಿಶದವಾಗಿವೆ. ಫಾರ್ಸ್ಟರನು ಬೇಕೆಂದೇ ಅದನ್ನು ತೆಗೆದುಹಾಕಿದನು.

ಮಮ್ಮಟನ ಮತದಲ್ಲಿ ವ್ಯಂಗ್ಯವು ತೀರ ಬಯಲಾದರೂ ದೋಷ, ತೀರ ಮಸುಕಾದರೂ ದೋಷ. ಅಗೂಢ, ಅಸ್ಫುಟ ಎರಡನ್ನೂ ಅವನು ಉತ್ತಮಕಾವ್ಯದಿಂದ ಕೆಳಗಿನ ಪಂಕ್ತಿಯಲ್ಲಿ ಕುಳ್ಳಿರಿಸಿದ್ದಾನೆ. ಗುಹೆಯ ಗುಟ್ಟು ಅಸ್ಫುಟವಲ್ಲವೇ ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ನಿಲ್ಲದು. ಒಳಗೇನಾಯಿತೆಂಬುದು ತಿಳಿಯದಿರುವುದರಿಂದಲೇ ಹೊರಗಿನವರು ಅದರೊಳಗೆ ಏನನ್ನು ತುಂಬಿದರೆಂಬುದು ಕಣ್ಣಿಗೆ ಬೀಳುತ್ತದೆ. ಭಾರತೀಯನಿಗೆ ಅತಿಥಿಯಾಗಿಯೂ ಪ್ರವೇಶವಿಲ್ಲದ ಕ್ಲಬ್ಬಿನಲ್ಲಿ ಅಧಿಕಾರಿಗಳು ಸಭೆ ಸೇರಿ, ವಿಚಾರಣೆಗೆ ಮೊದಲೇ ಅಜೀಜನನ್ನು ಅಪರಾಧಿಯೆಂದು ನಿಶ್ಚಯಿಸಿಬಿಡುತ್ತಾರೆ. (ಭಾರತದಲ್ಲಿ ಸರ್ಕಾರೀ ರಹಸ್ಯಗಳ ಹೊಸ ಕಾಯಿದೆಯು ಬಂದುದು 1923ರಲ್ಲಿ, ಗ್ರಂಥವು ಹೊರಬಂದುದು ಅದರ ಮರುವರ್ಷ.) ಕೊನೆಗೆ ಅಡೆಲಾ ತುಂಬಿದ ನ್ಯಾಯಸ್ಥಾನದಲ್ಲಿ ಆರೋಪವನ್ನು ಹಿಂತೆಗೆದುಕೊಳ್ಳುತ್ತಾಳೆ. ಸತ್ಯವನ್ನು ನುಡಿದ ಆ ಕ್ಷಣದಿಂದಲೇ ಸ್ವಜನರು ಅವಳನ್ನು ಕೈಬಿಡುತ್ತಾರೆ. ನಿಶ್ಚಯವಾಗಿದ್ದ ವಿವಾಹವೂ ಮುರಿಯುತ್ತದೆ. ಇದಕ್ಕಿಂತ ಸಾರ್ಥಕವಾದ ಮೌನವನ್ನು ಆ ಕಾಲದ ಆಂಗ್ಲ ಕಾದಂಬರಿಗಳಲ್ಲಿ ಕಾಣುವುದು ಕಷ್ಟ.

‘ಮಾರಿಸ್’ ಪುರುಷರಿಬ್ಬರ ಪ್ರೇಮದ ಕಥೆ. ಇಂಗ್ಲೆಂಡಿನ ಕಾನೂನು 1967ರವರೆಗೂ ಅಂಥ ಸಂಬಂಧವನ್ನು ಅಪರಾಧವೆಂದೇ ಎಣಿಸಿತ್ತು. ಆದುದರಿಂದ ಹಸ್ತಪ್ರತಿಯು ಆಪ್ತಮಿತ್ರರ ಕೈಯಿಂದ ಕೈಗೆ ಸಾಗಿ ಮತ್ತೆ ಪೆಟ್ಟಿಗೆಯನ್ನು ಸೇರುತ್ತಿದ್ದಿತು. ರ್‍ಯಾಡ್‌ಕ್ಲಿಫ್ ಹಾಲಳ ಕಾದಂಬರಿಯು 1928ರಲ್ಲಿ ನಿಷಿದ್ಧವಾದಾಗ ಅದರ ಪರವಾಗಿ ನಿಂತವನೂ, 1934ರಲ್ಲಿ ಪೌರಸ್ವಾತಂತ್ರ್ಯದ ರಾಷ್ಟ್ರೀಯ ಪರಿಷತ್ತಿಗೆ ಮೊದಲ ಅಧ್ಯಕ್ಷನಾದವನೂ ಇದೇ ಫಾರ್ಸ್ಟರನು. ಅನ್ಯರ ಗ್ರಂಥಕ್ಕಾಗಿ ಬೀದಿಗಿಳಿದವನು ತನ್ನದನ್ನು ಬಾಗಿಲ ಹಿಂದಿಟ್ಟನೆಂದು ಹೇಡಿತನವನ್ನು ಆರೋಪಿಸುವುದು ಸುಲಭ. ಸೆರೆಮನೆಯ ಭಯವಿಲ್ಲದವರಿಗೆ ಇನ್ನೂ ಸುಲಭ. ಆದರೆ ನಷ್ಟವು ದೊಡ್ಡದು: 1924ರಿಂದ ಮರಣದವರೆಗಿನ 46 ವರ್ಷಗಳಲ್ಲಿ ಅವನು ಮತ್ತೊಂದು ಕಾದಂಬರಿಯನ್ನು ಪ್ರಕಟಿಸಲಿಲ್ಲ. ವಿಚಿತ್ರವೇನೆಂದರೆ, ಬಚ್ಚಿಟ್ಟ ಈ ಗ್ರಂಥದೊಳಗೆ ಮರೆಯೆಂಬುದೇ ಇಲ್ಲ. ಎಲ್ಲವೂ ವಾಚ್ಯ, ಸುಖಾಂತವಾಗಲೇಬೇಕೆಂಬ ಹಟವು ಕಥೆಯನ್ನು ಎಳೆದೊಯ್ಯುತ್ತದೆ. ಇದು ಅಗೂಢದ ಪಂಕ್ತಿ.

ಮೂರನೆಯ ಗುಟ್ಟೊಂದಿದೆ, ಅದಕ್ಕೆ ಅಲಂಕಾರಶಾಸ್ತ್ರವು ನೆರವಾಗದು. 1921ರಲ್ಲಿ ಫಾರ್ಸ್ಟರನು ದೇವಾಸದ ಮಹಾರಾಜನಿಗೆ ಕಾರ್ಯದರ್ಶಿಯಾಗಿದ್ದನು. ಆ ದಿನಗಳ ವೃತ್ತಾಂತವನ್ನು 1953ರಲ್ಲಿ ಅಚ್ಚುಮಾಡಿಸಿದಾಗ ಒಂದು ಭಾಗವು ಹೊರಗುಳಿಯಿತು. ಅದು ಹೊರಬಂದುದು 1983ರಲ್ಲಿ. ಅಲ್ಲಿನ ಕ್ಷೌರಿಕ ಯುವಕನೊಬ್ಬನೊಡನೆ ತನಗಿದ್ದ ದೇಹಸಂಬಂಧವನ್ನೂ, ಅವನಲ್ಲಿ ತಾನು ಕ್ರೂರನಾಗಿ ನಡೆದುಕೊಂಡುದನ್ನೂ ಫಾರ್ಸ್ಟರನೇ ಅದರಲ್ಲಿ ಬರೆದಿಟ್ಟಿದ್ದಾನೆ. ಇಲ್ಲಿ ಮರೆಯು ಕಾನೂನಿಗೆ ಅಂಜಿದವನನ್ನು ಮಾತ್ರ ಕಾಯಲಿಲ್ಲ, ಒಡೆಯನ ಸ್ಥಾನದಲ್ಲಿದ್ದವನನ್ನೂ ಕಾಯಿತು. ಅಜೀಜನಿಗಾಗಿ ನ್ಯಾಯಸ್ಥಾನವನ್ನೇ ಕಟ್ಟಿ ನಿಲ್ಲಿಸಿದ ಲೇಖನಿಯು ಆ ಯುವಕನ ಬಾಯಿಂದ ಒಂದು ಸಾಕ್ಷ್ಯವನ್ನೂ ಕೇಳಲಿಲ್ಲ.