ವೈದ್ಯೆಯರು ಬರೆದ ಹೆಣ್ಣು

ಇಪ್ಪತ್ತು ವರ್ಷಗಳ ಹಿಂದೆ ನಾನೊಂದು ಕಥೆ ಬರೆದೆ. ಅದರಲ್ಲಿ ಒಬ್ಬ ಖಾಲಾ ಬರುತ್ತಾಳೆ. ನಡುರಾತ್ರಿ ಎದ್ದು ಕಿಟಕಿ ತೆರೆಯುತ್ತಾಳೆ, ಚಳಿಗಾಲದಲ್ಲೂ ಬೀಸಣಿಗೆ ಹಿಡಿದು ಹೊಸ್ತಿಲ ಮೇಲೆ ಕೂರುತ್ತಾಳೆ, ಸೊಸೆಯ ಮೇಲೆ ರೇಗಿ ಮರುಗಳಿಗೆಯಲ್ಲೇ ಅಳುತ್ತಾಳೆ. 'ಹೆಣ್ಣಿನ ಮನಸ್ಸನ್ನು ಚೆನ್ನಾಗಿ ಹಿಡಿದಿದ್ದೀರಿ' ಎಂದು ನಾಲ್ಕಾರು ಓದುಗರು ಕಾಗದ ಬರೆದರು. ನನಗೂ ಹಾಗೇ ಅನಿಸಿತ್ತು. ಅವಳಿಗೆ ನಲವತ್ತೊಂಬತ್ತು ವರ್ಷ ಎಂದು ಕಥೆಯ ಮೊದಲ ಪುಟದಲ್ಲೇ ಬರೆದಿದ್ದೆ. ಬರೆದವನಿಗೇ ಅದರ ಅರ್ಥ ಗೊತ್ತಿರಲಿಲ್ಲ.

ಈ ಮಾತು ಈಗ ನೆನಪಾಗಲು ಕಾರಣವಿದೆ. 'ಹೆಣ್ಣಿನ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿಗಳು' ಎಂಬ ತಲೆಬರಹದ ಬರಹಗಳು ಹಿಂದೆ ವಾರಪತ್ರಿಕೆಗಳ ಕೊನೆಯ ಪುಟಗಳಲ್ಲಿ ಬರುತ್ತಿದ್ದವು, ಈಗ ಮೊಬೈಲಿಗೇ ಬರುತ್ತವೆ. ಗಂಡು ದಿನಕ್ಕೆ 7,000 ಮಾತಾಡಿದರೆ ಹೆಣ್ಣು 20,000 ಮಾತಾಡುತ್ತಾಳಂತೆ. ಇದನ್ನು ಮದುವೆಮನೆಗಳಲ್ಲಿ ಹೇಳಿ ನಗದವರಿಲ್ಲ. 2007ರಲ್ಲಿ ಅಮೆರಿಕ ಮತ್ತು ಮೆಕ್ಸಿಕೋದ ಸುಮಾರು ನಾನೂರು ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿ ಎಣಿಸಿದಾಗ ಇಬ್ಬರದೂ ದಿನಕ್ಕೆ ಹೆಚ್ಚುಕಡಿಮೆ 16,000 ಪದಗಳೇ ಆದವು. 2025ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮಾತು ಎಣಿಸಿದ ಮತ್ತೊಂದು ಅಧ್ಯಯನದಲ್ಲಿ ನಡುವಯಸ್ಸಿನ ಹೆಂಗಸರು ಸುಮಾರು ಮೂರು ಸಾವಿರ ಪದ ಹೆಚ್ಚು ಆಡುತ್ತಾರೆಂದು ಕಂಡುಬಂತು. ಮಕ್ಕಳನ್ನು ಎಬ್ಬಿಸಿ, ತಿನ್ನಿಸಿ, ಗದರಿಸಿ, ಮಲಗಿಸುವ ವಯಸ್ಸು ಅದು. ಹೆಣ್ಣಿನ 'ಸ್ವಭಾವ' ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಅವಳ ಮೈಯದು, ಎಷ್ಟು ಪಾಲು ಅವಳಿಗೆ ಹೊರಿಸಿದ ಕೆಲಸದ್ದು ಎಂಬುದನ್ನು ಬಿಡಿಸಿ ನೋಡುವ ತಾಳ್ಮೆ ನಮ್ಮ ಕಥೆಗಾರರಿಗೂ ಇಲ್ಲ. ನನಗಂತೂ ಇರಲಿಲ್ಲ.

ಆ ತಾಳ್ಮೆ ಇದ್ದ ಇಬ್ಬರು ಲೇಖಕಿಯರನ್ನು ನಾನು ಎರಡು ಭಾಷೆಗಳಲ್ಲಿ ಓದಿಕೊಂಡೆ. ಉರ್ದುವಿನಲ್ಲಿ ರಶೀದ್ ಜಹಾನ್, ಕನ್ನಡದಲ್ಲಿ ಅನುಪಮಾ ನಿರಂಜನ. ಇಬ್ಬರೂ ವೈದ್ಯೆಯರು.

ರಶೀದ್ ಜಹಾನ್ ಹುಟ್ಟಿದ್ದು 1905ರಲ್ಲಿ, ಅಲಿಗಢದಲ್ಲಿ. ತಂದೆ ಶೇಖ್ ಅಬ್ದುಲ್ಲಾ ಮುಸ್ಲಿಮ್ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದವರು. ಮಗಳು ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯಕೀಯ ಓದಿದರು. 1932ರ ಕೊನೆಗೆ ಲಕ್ನೋದಿಂದ 'ಅಂಗಾರೆ' ಎಂಬ ಸಂಕಲನ ಹೊರಬಂತು. ನಾಲ್ವರು ಲೇಖಕರು, ಅವರಲ್ಲಿ ಈಕೆ ಒಬ್ಬಳೇ ಹೆಣ್ಣು. ಕೆಲವೇ ತಿಂಗಳಲ್ಲಿ, 1933ರ ಮಾರ್ಚ್‌ನಲ್ಲಿ, ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಅಂದಿನಿಂದ ಇಂದಿನವರೆಗೆ 'ಅಂಗಾರೆ'ಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ನಿಷೇಧದ ಬಗ್ಗೆಯೇ ಬರೆದಿದ್ದಾರೆ. ಅದರಲ್ಲಿದ್ದ 'ಪರ್ದೇ ಕೆ ಪೀಛೆ' ಎಂಬ ಏಕಾಂಕದ ಬಗ್ಗೆ ಸಿಗುವುದು ನಾಲ್ಕು ಸಾಲು ಮಾತ್ರ.

ಏಕಾಂಕದಲ್ಲಿ ನಡೆಯುವುದೇನೂ ಇಲ್ಲ. ಉಳ್ಳವರ ಮನೆಯ ಜನಾನಾದಲ್ಲಿ ಇಬ್ಬರು ಹೆಂಗಸರು ಕೂತು ಮಾತಾಡುತ್ತಾರೆ, ಅಷ್ಟೇ. ಮುಹಮ್ಮದಿ ಬೇಗಂಗೆ ವಯಸ್ಸು ಮೂವತ್ತರ ಆಸುಪಾಸು, ನೋಡಿದರೆ ಮುದುಕಿ. ಹೆಚ್ಚುಕಡಿಮೆ ವರ್ಷಕ್ಕೊಂದು ಬಸುರು. ಗಂಡ ಇನ್ನೊಂದು ಮದುವೆಯಾಗುತ್ತೇನೆಂದು ಹೆದರಿಸುತ್ತಾನೆ. ಹೆರಿಗೆಯ ಮೇಲೆ ಹೆರಿಗೆಯಾಗಿ ಅವಳ ಗರ್ಭಕೋಶ ಜಾರಿದೆ, ಅದನ್ನು ಸರಿಪಡಿಸಲು ಶಸ್ತ್ರಚಿಕಿತ್ಸೆಯಾಗಿದೆ. ಅದು ಅವಳ ನೋವಿಗಿಂತ ಗಂಡನ ಸುಖಕ್ಕೆ ಆದದ್ದು. ಮತ್ತೆ ಬಸುರು, ಮತ್ತೆ ಅದೇ.

ಇಲ್ಲೊಂದು ಎಳೆಯನ್ನು ಗಮನಿಸಬೇಕು. ಬೇಗಂ ಮಕ್ಕಳಿಗೆ ಹಾಲೂಡಿಸಲು ಮನೆಯಲ್ಲಿ ದಾದಿಯರಿದ್ದಾರೆ. ಮೊದಲ ಸಲ ಓದಿದಾಗ ಅದು ಶ್ರೀಮಂತಿಕೆಯ ವಿವರ ಎಂದುಕೊಂಡಿದ್ದೆ. ಹಾಲೂಡಿಸುವ ತಾಯಿಗೆ ಕೆಲವು ತಿಂಗಳು ಮುಟ್ಟು ಬರುವುದಿಲ್ಲ. ಮಗುವಿಗೆ ಹಗಲೂ ರಾತ್ರಿ ಎದೆಹಾಲೊಂದನ್ನೇ ಕೊಡುತ್ತಿದ್ದರೆ, ಮೊದಲ ಆರು ತಿಂಗಳು ಬಸುರು ನಿಲ್ಲುವುದು ತೀರಾ ಅಪರೂಪ. ಮೈ ತನಗೆ ತಾನೇ ತೆಗೆದುಕೊಳ್ಳುವ ರಜೆ ಅದು. ದಾದಿಯನ್ನಿಟ್ಟು ಆ ರಜೆಯನ್ನೂ ಕಿತ್ತುಕೊಂಡರೆ ವರ್ಷಕ್ಕೊಂದು ಮಗು ಆಗದೆ ಇನ್ನೇನು? ಬೇಗಂಳ ಸಿಡುಕು, ಹೊಟ್ಟೆನೋವು, ಸಾವಿನ ಮಾತು, ಎಲ್ಲಕ್ಕೂ ಕಾರಣ ಆ ಮನೆಯ ಏರ್ಪಾಟಿನಲ್ಲೇ ಇದೆ. ಹೆಣ್ಣಿನ ಮನಸ್ಸು ನಿಗೂಢ ಎಂದು ಬರೆದು ಜಾರಿಕೊಳ್ಳಲು ಈ ಲೇಖಕಿ ಓದುಗನಿಗೆ ಜಾಗವನ್ನೇ ಬಿಡುವುದಿಲ್ಲ.

ಹಾಗೆಂದು ಇದು ಕುಂದಿಲ್ಲದ ಕೃತಿಯಲ್ಲ. ಕೇಳುವ ಅಫ್ತಾಬ್ ಬೇಗಂಗೆ ಕೇಳುವುದಷ್ಟೇ ಕೆಲಸ, ಅವಳಿಗೊಂದು ಬದುಕಿದೆ ಅನಿಸುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ದಾದಿಯದು. ಬೇರೆಯವರ ಮಗುವಿಗೆ ಹಾಲು ಕೊಡಬೇಕಾದರೆ ಅವಳೂ ಹೆತ್ತಿರಲೇಬೇಕಲ್ಲ? ಅವಳ ಮಗು ಎಲ್ಲಿದೆ, ಏನು ಕುಡಿಯುತ್ತಿದೆ? ಪರದೆಯ ಹಿಂದೆ ಇನ್ನೊಂದು ಪರದೆ ಇತ್ತು. ಅದನ್ನು ರಶೀದ್ ಜಹಾನ್ ಇಲ್ಲಿ ಸರಿಸಲಿಲ್ಲ.

ಅನುಪಮಾ ನಿರಂಜನ ಹುಟ್ಟಿದ್ದು 1934ರಲ್ಲಿ. ನಮ್ಮ ಮನೆಗೆ ಅವರು ಮೊದಲು ಬಂದದ್ದು ಕಾದಂಬರಿಕಾರ್ತಿಯಾಗಿ ಅಲ್ಲ. ನನ್ನ ಅಪಾ ಲೈಬ್ರರಿಯಿಂದ 'ಕೇಳು ಕಿಶೋರಿ' ತಂದು ಉರ್ದು ಪತ್ರಿಕೆಯ ಹಾಳೆಯಲ್ಲಿ ರಟ್ಟು ಹಾಕಿ ಬಟ್ಟೆಯ ಟ್ರಂಕಿನಲ್ಲಿಟ್ಟಿದ್ದಳು. 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಇವೆಲ್ಲ ಕನ್ನಡದ ಸಾವಿರಾರು ಮನೆಗಳಲ್ಲಿ ಹೀಗೆ ಟ್ರಂಕಿನಲ್ಲಿ, ದಿಂಬಿನಡಿಯಲ್ಲಿ ಓದಿಸಿಕೊಂಡಿರಬೇಕು. ನಮ್ಮ ವಿಮರ್ಶೆ ಇವನ್ನು ಆರೋಗ್ಯದ ಪುಸ್ತಕಗಳೆಂದು ಪಕ್ಕಕ್ಕಿಟ್ಟು ಕಾದಂಬರಿಗಳನ್ನಷ್ಟೇ ಎಣಿಕೆಗೆ ತೆಗೆದುಕೊಂಡಿತು. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ಅವರ 'ಮಾಧವಿ'ಯನ್ನು ಈ ಪುಸ್ತಕಗಳ ಪಕ್ಕದಲ್ಲಿಟ್ಟೇ ಓದಬೇಕು.

ಮಹಾಭಾರತದ ಮಾಧವಿ ಯಯಾತಿಯ ಮಗಳು. ಗಾಲವನ ಗುರುದಕ್ಷಿಣೆಗೆ ಎಂಟುನೂರು ಕುದುರೆ ಬೇಕು. ಮೂವರು ರಾಜರು ತಲಾ ಇನ್ನೂರು ಕುದುರೆ ಕೊಟ್ಟು ಅವಳಲ್ಲಿ ಒಂದೊಂದು ಗಂಡುಮಗು ಪಡೆಯುತ್ತಾರೆ, ಉಳಿದ ಲೆಕ್ಕಕ್ಕೆ ವಿಶ್ವಾಮಿತ್ರನೇ ನಾಲ್ಕನೆಯವನು. ಪ್ರತಿ ಹೆರಿಗೆಯ ನಂತರ ಅವಳಿಗೆ ಕನ್ಯತ್ವ ಮರಳುವ ವರವಿದೆಯಂತೆ! ಆ ವರದಿಂದ ಲಾಭ ಯಾರಿಗೆ ಎಂದು ಕೇಳಿಕೊಂಡರೆ ಸಾಕು. ಮುಹಮ್ಮದಿ ಬೇಗಂಳ ಗಂಡ ಶಸ್ತ್ರಚಿಕಿತ್ಸೆಯಿಂದ ಬಯಸಿದ್ದೂ ಇದೇ ವರವನ್ನು. ನೂರಾರು ಹೆರಿಗೆ ಕಂಡಿದ್ದ ವೈದ್ಯೆಗೆ ಮಹಾಭಾರತದ ಅಷ್ಟೊಂದು ಹೆಣ್ಣುಗಳ ನಡುವೆ ಈಕೆಯೇ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಲ್ಲ.

ನಿಜವಾದ ಮೈಗೆ ಅಂಥ ವರವಿಲ್ಲ, ಅದು ಯಾವ ಹೆರಿಗೆಯನ್ನೂ ಅಳಿಸುವುದಿಲ್ಲ. ಇನ್ನೂ ಸೋಜಿಗದ ಸಂಗತಿ 1996ರಲ್ಲಿ ಗೊತ್ತಾಯಿತು. ಗಂಡುಮಗು ಹೆತ್ತು 27 ವರ್ಷವಾದ ತಾಯಿಯ ರಕ್ತದಲ್ಲೂ ಆ ಮಗುವಿನದೆಂದು ಹೇಳಬಹುದಾದ ಜೀವಕೋಶಗಳು ಅಮೆರಿಕದ ಸಂಶೋಧಕರಿಗೆ ಸಿಕ್ಕವು. ಮಾಧವಿಯನ್ನು ಬರೆದವರು ಆ ವೇಳೆಗೆ ಇರಲಿಲ್ಲ. ಅನುಪಮಾ 1991ರಲ್ಲಿ ಕ್ಯಾನ್ಸರಿಗೆ ಬಲಿಯಾಗಿದ್ದರು. ರಶೀದ್ ಜಹಾನ್ 1952ರಲ್ಲಿ ಮಾಸ್ಕೋದಲ್ಲಿ, 46ನೇ ವಯಸ್ಸಿಗೆ, ಅದೇ ಕಾಯಿಲೆಯಿಂದ ತೀರಿಕೊಂಡಿದ್ದರು.

ಈ ಇಬ್ಬರ ದಾರಿ ಅಲ್ಲಿಗೇ ನಿಂತಿತೆಂದಲ್ಲ. ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕಥೆಯಲ್ಲಿ ಮುತವಲ್ಲಿಯ ಹೆಂಡತಿ ಗಂಡನ ಒಪ್ಪಿಗೆಗೆ ಕಾಯದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ. ಮುಹಮ್ಮದಿ ಬೇಗಂ ಮನೆಯಿಂದ ಆಸ್ಪತ್ರೆಯ ಬಾಗಿಲವರೆಗಿನ ಈ ದಾರಿ ಸವೆಸಲು ನಮಗೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಆ ಕಥೆಯನ್ನು ಸಮುದಾಯದ ಮೇಲಿನ ಆರೋಪವೆಂದು ಓದಿದವರೂ ಇದ್ದಾರೆ, ಸಮುದಾಯವನ್ನು ಹೀಗಳೆಯಲು ಬಳಸಿಕೊಂಡವರೂ ಇದ್ದಾರೆ. ಇಬ್ಬರೂ ಆ ಹೆಂಗಸಿನ ದಣಿದ ಮೈಯನ್ನು ನೋಡಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ, ಅದೇ ವಯಸ್ಸಿನ ಗಂಡಸರಲ್ಲಿ 25 ಮಂದಿಗೆ. ಕರ್ನಾಟಕದ ಹೆಂಗಸರಲ್ಲಿ ಅದು 48ರ ಹತ್ತಿರ. ಇದರಲ್ಲಿ ಹಿಂದೂ-ಮುಸ್ಲಿಮ್ ಎಂದು ಹಂಚಿಕೊಳ್ಳಲು ಏನಿದೆ? ಮುಟ್ಟಿನಲ್ಲಿ ತಿಂಗಳು ತಿಂಗಳೂ ಹೋಗುವ ಕಬ್ಬಿಣ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ, ಇವೆರಡೂ ಸೇರಿದರೆ ಏದುಸಿರು, ತಲೆಸುತ್ತು, ಮಂಕು. ನಮ್ಮ ಕಥೆಗಳಲ್ಲಿ ಇವಳ ಹೆಸರು 'ಸೋಮಾರಿ ಸೊಸೆ'.

ನನ್ನ ಖಾಲಾಳಿಗೆ ಬಂದರೆ, ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಇಳಿಯುತ್ತಿದ್ದಂತೆ ಮೆದುಳಿನಲ್ಲಿ ಮೈಯ ಬಿಸಿಯನ್ನು ಕಾಯುವ ಕೇಂದ್ರ ಚಿಕ್ಕ ಏರುಪೇರಿಗೂ ಬೆಚ್ಚಿಬೀಳುತ್ತದೆ. ಎದೆಯಿಂದ ಮುಖಕ್ಕೆ ಬೆಂಕಿಯೇರಿದಂತಾಗಿ ಬೆವರು ಹರಿಯುತ್ತದೆ, ನಿದ್ದೆ ಹರಿಯುತ್ತದೆ. ಹಲವರಿಗೆ ಇದು ಏಳೆಂಟು ವರ್ಷವೂ ಇರುತ್ತದೆ. ನಾನು ಇದನ್ನು ತಿಳಿದದ್ದು ನನ್ನ ಹೆಂಡತಿ ಮೊನ್ನೆ ಮೊನ್ನೆ ರಾತ್ರಿ ಎದ್ದು ಕಿಟಕಿ ತೆರೆಯತೊಡಗಿದ ಮೇಲೆ.

ಹಳೆಯ ಸಂಕಲನ ಮರುಮುದ್ರಣಕ್ಕೆ ಹೋಗುವ ಮೊದಲು ಅಮ್ಮಿಯನ್ನು ಕೇಳಿದೆ. ಆ ಕಥೆಯ ಖಾಲಾ ಅವಳ ಅಕ್ಕನೇ, ತೀರಿಕೊಂಡು ಎಷ್ಟೋ ವರ್ಷವಾಯಿತು. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ರಾತ್ರಿ ಬಚ್ಚಲಲ್ಲಿ ತಣ್ಣೀರಿನ ಬೋಗುಣಿಯೊಳಗೆ ಕಾಲಿಟ್ಟುಕೊಂಡು ಕೂತಿರ್ತಿದ್ರು. ಯಾರಿಗೂ ಹೇಳಬೇಡ ಅಂದಿದ್ರು' ಎಂದಳು. ನನ್ನ ಕಥೆಯಲ್ಲಿ ಆ ಬೋಗುಣಿ ಇಲ್ಲ.