ಬೆನ್ನ ಮೇಲಿನ ಲೆಕ್ಕಿಗ

ಗೋಲು ಹೊಡೆದ ಹುಮ್ಮಸ್ಸಿನಲ್ಲಿ ಫುಟ್‌ಬಾಲ್ ಆಟಗಾರ ಜೆರ್ಸಿ ಕಳಚಿ ಬೀಸಿದರೆ ಒಳಗೆ ಗಿಡ್ಡನೆಯ ಕಪ್ಪು ಬನಿಯನ್ ಕಾಣುತ್ತದೆ. ಅದರ ಬೆನ್ನಿನ ಜೇಬಿನಲ್ಲಿ, ಎರಡು ಹೆಗಲುಮೂಳೆಗಳ ನಡುವೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಜಿಪಿಎಸ್ ಯಂತ್ರ. 2015ರಿಂದೀಚೆಗೆ ಪಂದ್ಯಗಳಲ್ಲೂ ಇದನ್ನು ತೊಡಲು ಅವಕಾಶವಿದೆ. ಎಷ್ಟು ದೂರ ಓಡಿದ, ಎಷ್ಟು ಸಲ ಶರವೇಗದಲ್ಲಿ ಹೋಗಿ ಗಕ್ಕನೆ ನಿಂತ, ಎಲ್ಲಕ್ಕೂ ಲೆಕ್ಕವುಂಟು.

ಇದರಿಂದ ನಿಜವಾದ ಲಾಭ ಕಾಣುವುದು ಗಾಯಗೊಂಡವನು ಮರಳುವಾಗ. ಮೊದಲು ಕೋಚ್ "ಹೇಗಿದ್ದೀಯ?" ಎಂದರೆ, ತಂಡದಲ್ಲಿನ ಜಾಗ ಕೈತಪ್ಪೀತೆಂಬ ಭಯಕ್ಕೆ ಹುಡುಗ "ಚೆನ್ನಾಗಿದ್ದೀನಿ" ಎನ್ನುತ್ತಿದ್ದ. ತೊಡೆಯ ಹಿಂಭಾಗದ ಸ್ನಾಯು ಬೇರೆಯೇ ಹೇಳುತ್ತಿತ್ತು. ಈಗ ಅವನ ಇಂದಿನ ವೇಗವನ್ನು ಗಾಯಕ್ಕೆ ಮುಂಚಿನ ವೇಗದ ಪಕ್ಕದಲ್ಲಿಟ್ಟು ನೋಡಬಹುದು. ಸುಳ್ಳು ಹೇಳಬೇಕಾದ ಒತ್ತಡವೂ ತುಸು ಕಡಿಮೆ.

ಆದರೆ ಯಂತ್ರ ಭವಿಷ್ಯ ನುಡಿಯಲು ಹೊರಟಾಗ ನನಗೆ ಅನುಮಾನ. ಈ ವಾರದ ಶ್ರಮವನ್ನು ಕಳೆದ ನಾಲ್ಕು ವಾರಗಳ ಸರಾಸರಿಯಿಂದ ಭಾಗಿಸಿ, ಉತ್ತರ 1.5 ದಾಟಿದರೆ ಗಾಯದ ಅಪಾಯ ಎನ್ನುವ ಸೂತ್ರವನ್ನು ಆಸ್ಟ್ರೇಲಿಯಾದ ಕ್ರೀಡಾ ವಿಜ್ಞಾನಿ ಟಿಮ್ ಗ್ಯಾಬೆಟ್ ಜನಪ್ರಿಯಗೊಳಿಸಿದರು. ಕ್ಲಬ್‌ಗಳು ಅದನ್ನು ಪಂಚಾಂಗದಂತೆ ನೆಚ್ಚಿಕೊಂಡವು. ಈ ವಾರದ ಅಂಕಿ ಆ ಸರಾಸರಿಯೊಳಗೂ ಸೇರಿಕೊಂಡಿರುತ್ತದಲ್ಲ, ಶ್ರಮವನ್ನು ಹೀಗೆ ತೂಗಿ ಹಂಚಿದರೆ ಗಾಯ ತಪ್ಪುತ್ತದೆಂಬುದಕ್ಕೆ ಪುರಾವೆ ಎಲ್ಲಿ ಎಂದು ಫ್ರಾಂಕೊ ಇಂಪೆಲ್ಲಿಝೆರಿಯಂಥ ಸಂಶೋಧಕರು ಕೇಳಿದ್ದು ಆಮೇಲೆ.

ಈ ಮಾಹಿತಿಯ ಒಡೆಯ ಯಾರು ಎಂಬ ಜಗಳವೂ ಇದೆ. ತಮ್ಮ ಆಟದ ಅಂಕಿಅಂಶಗಳನ್ನು ಕೇಳದೆ ಕಂಪನಿಗಳು ಮಾರಿಕೊಳ್ಳುತ್ತಿವೆಯೆಂದು ಬ್ರಿಟನ್ನಿನ ನೂರಾರು ಆಟಗಾರರು 2021ರಲ್ಲಿ ಕಾನೂನಿನ ಮೊರೆ ಹೋಗಲು ಸಜ್ಜಾದರು. ಮರುವರ್ಷ ಫಿಫಾ ಮತ್ತು ಆಟಗಾರರ ಸಂಘ ಫಿಫ್‌ಪ್ರೊ ಕೂಡಿ ಒಂದು ಹಕ್ಕುಪತ್ರ ಹೊರತಂದವು. ಒಳ್ಳೆಯದೇ. ಆದರೆ ಬೆಂಚಿನಲ್ಲಿ ಕೂರುವ ಇಪ್ಪತ್ತರ ಹುಡುಗ ಅದನ್ನು ಹಿಡಿದು ತನ್ನ ಕ್ಲಬ್ಬಿನ ಮುಂದೆ ನಿಂತಾನೆಯೇ?

ನನ್ನ ದೊಡ್ಡ ತಕರಾರು ಬೇರೆ. ಮೀಟರ್ ಲೆಕ್ಕದಲ್ಲಿ ಆಟಗಾರನ ದಣಿವು ಅಳೆಯುವವರು ಪಂದ್ಯಗಳ ಸಂಖ್ಯೆಯ ತಂಟೆಗೇ ಹೋಗುವುದಿಲ್ಲ. ವರ್ಷಕ್ಕೆ ಅರವತ್ತು, ಎಪ್ಪತ್ತು ಪಂದ್ಯ ಆಗದ ಮಾತು, ಮುಷ್ಕರ ದೂರವಿಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ ಹೇಳಿದ್ದ. ವಾರ ಕಳೆಯುವಷ್ಟರಲ್ಲಿ ಆರ್ಸೆನಲ್ ವಿರುದ್ಧದ ಪಂದ್ಯದಲ್ಲಿ ಅವನ ಮಂಡಿಯ ಲಿಗಮೆಂಟ್ ಹರಿಯಿತು. ಒಂದು ಗಾಯಕ್ಕೆ ಒಂದೇ ಕಾರಣ ಅಂಟಿಸುವುದು ತಪ್ಪು, ಒಪ್ಪುತ್ತೇನೆ. ಆದರೂ ಫಿಫಾ ಮುಂದಿನ ಬೇಸಿಗೆಗೆ 32 ತಂಡಗಳ ಕ್ಲಬ್ ವಿಶ್ವಕಪ್ ನಡೆಸಿಯೇ ಬಿಟ್ಟಿತು. 2025ರ ಜುಲೈ 13ರಂದು ಅಮೆರಿಕದಲ್ಲಿ ಫೈನಲ್ ಗೆದ್ದ ಚೆಲ್ಸಿ, ಆಗಸ್ಟ್ 17ಕ್ಕೆ ಲಂಡನ್ನಿನಲ್ಲಿ ಹೊಸ ಋತುವಿನ ಲೀಗ್ ಆಡಲು ಇಳಿಯಿತು. ರಜೆ, ತಯಾರಿ ಎಲ್ಲ ಸೇರಿ ಐದು ವಾರ. ಫಿಫ್‌ಪ್ರೊ ಕೇಳುತ್ತಿರುವುದು ಬರೀ ರಜೆಗೇ ನಾಲ್ಕು.